ಕಾಫಿ ಮೊದಲೋ, ಊಟ ಮೊದಲೋ?

ಪ್ರಶ್ನೆ: ಸಿಸ್ಟರ್, ನಮಸ್ತೆ. ನನ್ನ ಮಗಳಿಗೆ 14 ವರ್ಷ, ಒಂಬತ್ತನೇ ಕ್ಲಾಸು. ರಕ್ತ ಪರೀಕ್ಷೆ ಮಾಡಿಸಿದಾಗ ಎಚ್‌ಬಿ (ರಕ್ತದ ಹಿಮೋಗ್ಲೋಬಿನ್) 9.2 ಬಂತು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಡಬ್ಬಕ್ಕೆ ಕೈ ಹಾಕಿ ಹಸಿ ಅಕ್ಕಿ ಮುಕ್ಕುತ್ತಾಳೆ, ಬೈದರೂ ಬಿಡಲ್ಲ. ಶಾಲೆಯಲ್ಲಿ ಕೊಡುವ ಕಬ್ಬಿಣದ ನೀಲಿ ಮಾತ್ರೆ ಹೊಟ್ಟೆ ತೊಳಸುತ್ತೆ ಅಂತ ಬ್ಯಾಗಿನಲ್ಲೇ ಇಟ್ಟುಕೊಂಡು ಬರುತ್ತಾಳೆ. ನಮ್ಮಲ್ಲಿ ಊಟಕ್ಕೇನೂ ಕಮ್ಮಿ ಇಲ್ಲ, ದಿನಾ ಮುದ್ದೆ, ಸೊಪ್ಪಿನ ಸಾರು. ಆದರೂ ರಕ್ತ ಯಾಕೆ ಕಮ್ಮಿ?
— ಒಬ್ಬ ತಾಯಿ, ಬೇಲೂರು ತಾಲ್ಲೂಕು

ಉತ್ತರ: ತಾಯಿ, ಮೊದಲು ಆ ಅಕ್ಕಿ ಡಬ್ಬದ ವಿಷಯ. ಬೈಯಬೇಡಿ. ಮೈಯಲ್ಲಿ ಕಬ್ಬಿಣದ ಅಂಶ ಬರಿದಾದಾಗ ಹಸಿ ಅಕ್ಕಿ, ಮಣ್ಣು, ಬಳಪ ಬೇಕೆನಿಸುವುದುಂಟು. ಸೆರಗಿನ ತುದಿಗೆ ಅಕ್ಕಿ ಗಂಟು ಹಾಕಿಕೊಂಡು ತಪಾಸಣೆಗೆ ಬರುತ್ತಿದ್ದ ಬಸುರಿಯರನ್ನು ನಾನು ಸರ್ವಿಸಿನಲ್ಲಿ ಎಷ್ಟೋ ಕಂಡಿದ್ದೇನೆ. ರಕ್ತ ತುಂಬಿದ ಮೇಲೆ ಆ ಚಪಲ ತಾನಾಗಿ ಹೋಗುತ್ತದೆ.

ಊಟಕ್ಕೆ ಕಮ್ಮಿ ಇಲ್ಲ ಅಂದಿರಿ, ನಂಬಿದೆ. ಆದರೆ ನೀವು ಬರೆಯದೆ ಬಿಟ್ಟ ಒಂದು ಸಂಗತಿ ಈ ಸೀಮೆಯಲ್ಲೇ ಹುಟ್ಟಿ ಬೆಳೆದ ನನಗೆ ಗೊತ್ತು: ತಟ್ಟೆ ತೊಳೆಯುವ ಮುಂಚೆ ಕಾಫಿ ಲೋಟ. ಸೊಪ್ಪು, ರಾಗಿ, ಕಾಳುಗಳಲ್ಲಿರುವ ಕಬ್ಬಿಣ ಮೊದಲೇ ಮೈಗೆ ಹತ್ತುವುದು ನಿಧಾನ. ಅದರ ಮೇಲೆ ಕಾಫಿ, ಟೀ ಒಗರು ಬಿದ್ದರೆ ಹೊಟ್ಟೆಯಲ್ಲೇ ಅದನ್ನು ಹಿಡಿದುಹಾಕುತ್ತದೆ. ಊಟದ ಜೊತೆ ಒಂದು ಲೋಟ ಕಾಫಿ ಕುಡಿದರೆ ಮೈಗೆ ಸೇರಬೇಕಾದ ಕಬ್ಬಿಣದಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಖೋತಾ ಆಗಬಹುದು. ಟೀ ಇನ್ನೂ ಕೆಟ್ಟದ್ದು.

ಕಾಫಿ ಬಿಡಿ ಎಂದರೆ ನನ್ನನ್ನು ಜಿಲ್ಲೆಯಿಂದಲೇ ಓಡಿಸಿಯಾರು! ಬಿಡುವುದು ಬೇಡ, ಹೊತ್ತು ಬದಲಾಯಿಸಿ. ತಿಂಡಿಗೆ ಒಂದು ಗಂಟೆ ಮೊದಲು ಕುಡಿದದ್ದು ಅಷ್ಟು ತೊಂದರೆ ಕೊಡುವುದಿಲ್ಲ. ಊಟವಾದ ಮೇಲಾದರೆ ಎರಡು ಗಂಟೆ ಕಾಯಿರಿ. ಇದನ್ನು ಬರೆಯುವಾಗ ನನಗೇ ಮುಜುಗರ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಬಸುರಿಯರಿಗೆ ಕಬ್ಬಿಣದ ಕೆಂಪು ಮಾತ್ರೆ ಕೈಗಿಟ್ಟು, "ಮರೆತುಹೋಗುತ್ತೆ ಕಣಮ್ಮ, ಬೆಳಗಿನ ಕಾಫಿ ಜೊತೆ ನುಂಗಿಬಿಡು" ಎಂದು ಮನೆಮನೆಗೆ ಹೇಳಿಕೊಂಡು ತಿರುಗಿದವಳು ನಾನೇ. ಮಾತ್ರೆ ತಪ್ಪದೆ ನುಂಗಿದವರಿಗೂ ರಕ್ತ ಏರುತ್ತಿರಲಿಲ್ಲ. ನಾನು ಅವರನ್ನೇ ಗದರುತ್ತಿದ್ದೆ.

ಕಾಫಿ ಎದ್ದ ಜಾಗಕ್ಕೆ ಕಬ್ಬಿಣವನ್ನು ಮೈಗೆ ಹತ್ತಿಸುವ ಹುಳಿ ಬರಲಿ. ಬಸ್ಸಾರಿನ ಪಲ್ಯಕ್ಕೆ ನಿಂಬೆಹಣ್ಣು ಹಿಂಡಿ, ಊಟದ ಕೊನೆಗೆ ಅರ್ಧ ಸೀಬೆಕಾಯಿ ಕೊಡಿ, ನೆಲ್ಲಿಕಾಯಿ ಕಾಲದಲ್ಲಿ ನೆಲ್ಲಿಕಾಯಿ. ಹುರುಳಿಯನ್ನು ಮೊಳಕೆ ಬರಿಸಿಯೇ ಸಾರು ಮಾಡಿ. ಮಾಂಸ ತಿನ್ನುವವರಾದರೆ ಈಲಿ ತಂದ ದಿನ ಮೊದಲ ತುಂಡು ಮಗಳ ತಟ್ಟೆಗೆ ಬೀಳಲಿ. ನಮ್ಮ ಮನೆಗಳಲ್ಲಿ ಅದು ಯಾರ ತಟ್ಟೆಗೆ ಹೋಗುತ್ತದೆ ಅಂತ ನಾನು ಹೇಳಬೇಕಿಲ್ಲ.

ನೀಲಿ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣವಿದೆ. ವಾರಕ್ಕೊಂದು ಕೊಡುವುದು ರಕ್ತ ಕಮ್ಮಿಯಾಗದಿರಲಿ ಅಂತ. ಆ ವಯಸ್ಸಿಗೆ 12 ಇರಬೇಕಾದ ಕಡೆ 9.2 ಇರುವವಳಿಗೆ ವಾರಕ್ಕೊಂದು ಸಾಲದು. ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ) ಡಾಕ್ಟರಿಗೆ ತೋರಿಸಿ, ದಿನಾ ನುಂಗುವಂತೆ ಬರೆದುಕೊಡುತ್ತಾರೆ. ಹೊಟ್ಟೆ ತೊಳಸುವುದು ಬಹುಪಾಲು ಖಾಲಿ ಹೊಟ್ಟೆಗೆ ನುಂಗಿದಾಗ. ತಿಂಡಿ ತಿನ್ನದೆ ಬಸ್ಸಿಗೆ ಓಡುವವಳಲ್ಲವೇ? ಬಿಸಿಯೂಟ ಆದ ಮೇಲೆ ನುಂಗಲಿ. ಮಲ ಕಪ್ಪಗಾದರೆ ಗಾಬರಿ ಬೇಡ, ಅದು ಮಾತ್ರೆಯಲ್ಲಿರುವ ಕಬ್ಬಿಣದಿಂದ. ಜಂತುಹುಳದ ಮಾತ್ರೆಯನ್ನು ವರ್ಷಕ್ಕೆ ಎರಡು ಸಲ ಶಾಲೆಯಲ್ಲೇ ಕೊಡುತ್ತಾರೆ, ಅದನ್ನೂ ಬ್ಯಾಗಿಗೆ ಹಾಕಿಕೊಂಡು ಬಂದಿದ್ದಾಳಾ ನೋಡಿ.

ಇನ್ನೊಂದನ್ನು ಅವಳ ಹತ್ತಿರ ನೀವೇ ಕೇಳಬೇಕು. ಮುಟ್ಟು ಏಳು ದಿನ ಮೀರುತ್ತದೆಯೇ, ಗಂಟೆ ಎರಡು ಗಂಟೆಗೊಮ್ಮೆ ಪ್ಯಾಡ್ ಬದಲಿಸಬೇಕಾಗುತ್ತದೆಯೇ? ಹೌದಾದರೆ ಡಾಕ್ಟರಿಗೆ ಅದನ್ನೇ ಮೊದಲು ಹೇಳಿ. ಸೋರುವ ಕೊಡಕ್ಕೆ ಎಷ್ಟು ನೀರು ಹೊಯ್ದೇನು?

ಪ್ರಶ್ನೆ: ಅಕ್ಕ, ಹೆಂಡತಿಗೆ ಐದು ತಿಂಗಳು, ಎಚ್‌ಬಿ 8.6. ಇಬ್ಬರೂ ತೋಟದ ಕೆಲಸಕ್ಕೆ ಹೋಗುವವರು. ಮಾತ್ರೆ ತಿಂದರೆ ಮಗು ದಪ್ಪ ಆಗಿ ಹೆರಿಗೆ ಕಷ್ಟವಾಗುತ್ತೆ ಅಂತ ಅಮ್ಮ ಬಿಡುತ್ತಿಲ್ಲ. ಅವಳು ಕದ್ದುಮುಚ್ಚಿ ರಾತ್ರಿ ಎಲ್ಲ ಮಾತ್ರೆ ಒಟ್ಟಿಗೆ ನುಂಗುತ್ತಾಳೆ.
— ಮೂಡಿಗೆರೆ ಕಡೆಯವನು

ಉತ್ತರ: ತಮ್ಮಾ, ಹೆಂಡತಿ ಪರವಾಗಿ ಕಾಗದ ಬರೆಯುವ ಗಂಡಸರು ಅಪರೂಪ, ಸಂತೋಷ. ಅಮ್ಮನಿಗೆ ಹೀಗೆ ಹೇಳು: ಬಸುರಿಯ ಮೈಯಲ್ಲಿ ರಕ್ತದ ಪ್ರಮಾಣ ಹೆಚ್ಚುಕಮ್ಮಿ ಅರ್ಧದಷ್ಟು ಹೆಚ್ಚಬೇಕು, ಜೊತೆಗೆ ಮಗು ತನ್ನ ಪಾಲಿನ ಕಬ್ಬಿಣವನ್ನು ತಾಯಿಯಿಂದಲೇ ಎಳೆದುಕೊಳ್ಳುತ್ತದೆ. ಮಾತ್ರೆಯಿಂದ ಹೆರಿಗೆ ಕಷ್ಟವಾಗುವುದಿಲ್ಲ. ರಕ್ತವಿಲ್ಲದವಳಿಗೆ ಹೆರಿಗೆಯಲ್ಲಿ ಸ್ವಲ್ಪ ಹೋದರೂ ಪ್ರಾಣಕ್ಕೆ ಬರುತ್ತದೆ, ದಿನ ತುಂಬುವ ಮುಂಚೆ, ಕಮ್ಮಿ ತೂಕದ ಮಗು ಹುಟ್ಟುವ ಭಯವೂ ಇದೆ.

ಒಟ್ಟಿಗೆ ನುಂಗುವುದು ನಿಲ್ಲಲಿ. ಕ್ಯಾಲ್ಸಿಯಂ ಮಾತ್ರೆ ಕಬ್ಬಿಣದ ದಾರಿಗೆ ಅಡ್ಡ ನಿಲ್ಲುತ್ತದೆ. ಕ್ಯಾಲ್ಸಿಯಂ ತಿಂಡಿ, ಊಟದ ಜೊತೆ, ಕೆಂಪು ಮಾತ್ರೆ ಮಲಗುವಾಗ ನಿಂಬೆ ಪಾನಕದಲ್ಲಿ. ನಾಲ್ಕನೇ ತಿಂಗಳಿನಿಂದ 180 ದಿನ, ಹೆತ್ತ ಮೇಲೂ 180 ದಿನ, ಇದು ಎಲ್ಲ ಬಸುರಿಯರಿಗೂ ಇರುವ ಲೆಕ್ಕ. 8.6 ಇರುವವಳಿಗೆ ದಿನಕ್ಕೊಂದರ ಬದಲು ಎರಡು ಬೇಕಾಗಬಹುದು, ಡಾಕ್ಟರನ್ನೇ ಕೇಳಿ. ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ, ಅವತ್ತು ಕೂಲಿ ಬಿಟ್ಟು ನೀನೂ ಜೊತೆಗೆ ಹೋಗು. ಒಂದು ತಿಂಗಳು ಸರಿಯಾಗಿ ನುಂಗಿದರೂ 1 ಗ್ರಾಂ ಏರದಿದ್ದರೆ ನರಕ್ಕೆ ಕೊಡುವ ಇಂಜೆಕ್ಷನ್ ಇದೆ. 7ಕ್ಕಿಂತ ಇಳಿದರೆ ಮಾತ್ರ ಮನೆಯಲ್ಲಿಟ್ಟುಕೊಳ್ಳಬೇಡ.

ತೋಟದ ಹಸಿ ನೆಲದಲ್ಲಿ ಬರಿಗಾಲಲ್ಲಿ ಓಡಾಡುತ್ತಾಳಾ? ಕೊಕ್ಕೆಹುಳ ಪಾದದಿಂದಲೇ ಹತ್ತಿ ಕರುಳಿನಲ್ಲಿ ಕೂತು ರಕ್ತ ಹೀರುತ್ತದೆ. ಒಂದು ಜೊತೆ ಚಪ್ಪಲಿ ತೆಗೆದುಕೊಡು. ಮೂರು ತಿಂಗಳು ದಾಟಿರುವುದರಿಂದ ಹುಳದ ಮಾತ್ರೆಯ ಬಗ್ಗೆಯೂ ಕೇಳಿಕೊಂಡು ಬಾ. 2017ರಿಂದ ಮಾತೃಪೂರ್ಣ ಯೋಜನೆಯಲ್ಲಿ ಅಂಗನವಾಡಿಯಲ್ಲಿ ಬಸುರಿ ಬಾಣಂತಿಯರಿಗೆ ಊಟವಿದೆ, ಮೊಟ್ಟೆ, ಹಾಲು, ಚಿಕ್ಕಿ ಸಮೇತ. ಹೆಸರು ಬರೆಸಿದ್ದೀರಾ?

ಪ್ರಶ್ನೆ: ದಿನಾ ಬೀಟ್ರೂಟ್ ಜ್ಯೂಸ್ ಕುಡಿದರೆ ಮಾತ್ರೆ ಬೇಡ ತಾನೇ?
— ಅರಸೀಕೆರೆ

ಉತ್ತರ: ಬೇಕು. ಬೀಟ್ರೂಟಿಗೂ ರಕ್ತಕ್ಕೂ ಇರುವ ನೆಂಟಸ್ತನ ಬಣ್ಣದ್ದು ಮಾತ್ರ. 100 ಗ್ರಾಂ ಬೀಟ್ರೂಟಿನಲ್ಲಿ 1 ಮಿಲಿಗ್ರಾಂ ಕಬ್ಬಿಣವೂ ಇಲ್ಲ. ಅಷ್ಟೇ ತೂಕದ ಹುರುಳಿಕಾಳಿನಲ್ಲಿ ಅದರ ಐದಾರು ಪಟ್ಟಿಗೂ ಹೆಚ್ಚು. ಅಟ್ಟದ ಮೇಲೆ ಅಜ್ಜಿಯ ಕಬ್ಬಿಣದ ಬಾಣಲೆ ಇದ್ದರೆ ಇಳಿಸಿ ತಿಕ್ಕಿ, ಹುಣಸೆಹುಳಿ ಹಾಕಿದ ಗೊಜ್ಜನ್ನು ಅದರಲ್ಲಿ ಕುದಿಸಿ. ಹುಳಿಗೆ ಕಬ್ಬಿಣ ಬಿಡುತ್ತದೆ, ಗೊಜ್ಜು ಸ್ವಲ್ಪ ಕಪ್ಪಾಗುತ್ತದೆ. ಕುದಿದ ತಕ್ಷಣ ಬೇರೆ ಪಾತ್ರೆಗೆ ಬಗ್ಗಿಸಿಡಿ, ಇಲ್ಲದಿದ್ದರೆ ರಾತ್ರಿ ಊಟದ ಹೊತ್ತಿಗೆ ಯಾರೂ ಮುಟ್ಟುವುದಿಲ್ಲ.