ಕಾರಲ್ಲಿ ಕೂತವರ ಪರೀಕ್ಷೆ

ಮೈಸೂರಿನ ತಾಯಿಯೊಬ್ಬರ ಪತ್ರ ಓದಿ ಸ್ವಲ್ಪ ಸಿಟ್ಟೇ ಬಂತು. ಅವರ ಮಗನಿಗೆ 11 ವರ್ಷ, ಮಗಳಿಗೆ 8. ಇಬ್ಬರಿಗೂ ಮನೆಯಲ್ಲೇ ಪಾಠ. ರಂಗಾಯಣದಲ್ಲಿ ಒಳ್ಳೆಯ ನಾಟಕ ಇದ್ದರೆ ಮಕ್ಕಳನ್ನು ತಪ್ಪದೆ ಕರೆದುಕೊಂಡು ಹೋಗುತ್ತಾರೆ. ನೋಡಿ ಬಂದ ಮೇಲೆ ಮಗ ಆ ನಾಟಕದ ಬಗ್ಗೆ ನೋಟ್‌ಬುಕ್‌ನಲ್ಲಿ ಬರೆಯಬೇಕು. ಈಗ 'ಹಯವದನ' ನೋಡಿ ಬಂದ ಮಗ, ಇನ್ನು ನಾಟಕಕ್ಕೆ ಬರೋದೇ ಇಲ್ಲ ಎಂದು ಹಟ ಹಿಡಿದಿದ್ದಾನೆ. "ಸ್ಕೂಲಿಗೆ ಹಾಕಿದ್ರೆ ಹೀಗಾಗ್ತಿತ್ತಾ?" ಎಂದು ನಾದಿನಿಯ ಕೊಂಕು ಬೇರೆ. ಒತ್ತಾಯ ಮಾಡಲಾ, ಬಿಟ್ಟುಬಿಡಲಾ ಎಂದು ಕೇಳಿದ್ದಾರೆ.

ನಾದಿನಿಯನ್ನು ಬಿಡಿ. ಪತ್ರದ ಕೊನೆಯಲ್ಲಿ ಹೇಳಿಯೂ ಹೇಳದ ಹಾಗೆ ಒಂದು ಸಾಲು ಇದೆ: "ನಮ್ಮವರಿಗೆ ನಾಟಕ ಅಷ್ಟಕ್ಕಷ್ಟೆ. ಕಾರಲ್ಲೇ ಕೂತಿರ್ತಾರೆ. ಆಮೇಲೆ ಮಗನ ನೋಟ್‌ಬುಕ್ ನೋಡ್ತಾರೆ."

ಅಲ್ಲ ತಂಗಿ, ನಾಟಕವನ್ನೇ ನೋಡದವರು ಪರೀಕ್ಷೆ ತಗೊಳ್ಳೋದು ಯಾವ ನ್ಯಾಯ?

'ಹಯವದನ'ದಲ್ಲಿ ದೇವದತ್ತನ ತಲೆ ಕಪಿಲನ ಮೈಗೆ, ಕಪಿಲನ ತಲೆ ದೇವದತ್ತನ ಮೈಗೆ ಅಂಟಿಕೊಳ್ಳುತ್ತದೆ. ಹುಡುಗ ಬಾಯಿ ಬಿಟ್ಟುಕೊಂಡು ನೋಡಬೇಕಾದ ಹೊತ್ತದು. ಕೊನೆಗೆ ನಗುವೇ ಬಾರದ ಒಬ್ಬ ಪುಟ್ಟ ಹುಡುಗ ಬರುತ್ತಾನೆ. ಕುದುರೆಯಾದ ಹಯವದನನನ್ನು ಕಂಡು ಅವನು ನಗುತ್ತಾನೆ. ಆಗ ನಿಮ್ಮ ಮಗ ನಕ್ಕನಾ? ಪತ್ರದಲ್ಲಿ ಇಲ್ಲ. 'ನಾಟಕದ ಸಂದೇಶ' ಎಂಬ ಜಾಗ ಖಾಲಿ ಬಿಟ್ಟ ಅನ್ನೋದು ಮಾತ್ರ ಇದೆ. ಆ ಜಾಗಕ್ಕೆ ಗೆರೆ ಹಾಕಿಕೊಟ್ಟವರು ನೀವು ಅಂತ ಕಾಣುತ್ತದೆ. ಅಷ್ಟು ತಪ್ಪು ನಿಮ್ಮದೂ ಇದೆ.

ಈ ಅಂಕಣದಲ್ಲಿ ಹಿಂದೆಯೂ ಹೇಳಿದ್ದೇನೆ, ಬೇಜಾರಾದರೂ ಕೇಳಿಸಿಕೊಳ್ಳಿ. ನಾಟಕ ನೋಡಿದ ರಾತ್ರಿ ಮಕ್ಕಳನ್ನು ಏನೂ ಕೇಳಬಾರದು. ಒಂದು ಮಸಾಲೆ ದೋಸೆ ಕೊಡಿಸಿ, ಮನೆಗೆ ಕರೆದುಕೊಂಡು ಹೋಗಿ ಮಲಗಿಸಿ. ಬೆಳಿಗ್ಗೆ ಒಂಬತ್ತಕ್ಕೆ ಎದ್ದರೂ ನಿಮ್ಮ ಮಕ್ಕಳನ್ನು ಕೇಳುವವರಿಲ್ಲ. ಅದೇನು ಸಣ್ಣ ಸುಖವಾ? 2010ರಲ್ಲಿ ರಂಗಾಯಣ 'ಮಲೆಗಳಲ್ಲಿ ಮದುಮಗಳು' ನಾಟಕವನ್ನು ರಾತ್ರಿಯಿಡೀ ಆಡಿತು. ಮಾರನೇ ದಿನ ಯೂನಿಫಾರ್ಮ್ ಹಾಕಬೇಕಾದ ಮಕ್ಕಳಿಗೆ ಅಂಥ ನಾಟಕ ಎಲ್ಲಿ ಸಿಗಬೇಕು?

ಮಗ ಹಿಂದೆ ಬೀಳುತ್ತಾನೆ ಅನ್ನೋ ಭಯ ನಿಮ್ಮವರಿಗೆ. ಅರ್ಥವಾಗುತ್ತದೆ, ಆದರೆ ಕನಿಕರ ಬರೋದಿಲ್ಲ. 14 ವರ್ಷ ತುಂಬಿದ ಮೇಲೆ ಎನ್‌ಐಓಎಸ್ (ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ) ಮೂಲಕ ಹತ್ತನೇ ತರಗತಿ ಪರೀಕ್ಷೆಗೆ ಕಟ್ಟಬಹುದು. ಅಲ್ಲಿ ಯಾರೂ ಈ ನೋಟ್‌ಬುಕ್ ತೋರಿಸು ಅನ್ನೋದಿಲ್ಲ. ಪಾಪ, ಆ ಹುಡುಗ ನಾಟಕ ಬೇಡ ಅಂದಿಲ್ಲ. ಕಾರಲ್ಲಿ ಕಾಯ್ತಿರೋ ಇನ್‌ಸ್ಪೆಕ್ಟರ್ ಬೇಡ ಅಂದಿದ್ದಾನೆ.

ಒತ್ತಾಯ ಮಾಡಲಾ ಅಂತ ತಾನೇ ನಿಮ್ಮ ಪ್ರಶ್ನೆ? ಮಾಡಿ, ನಿಮ್ಮ ಗಂಡನಿಗೆ. ಮುಂದಿನ ಸಲ ನಾಲ್ಕು ಟಿಕೆಟ್ ತಗೊಳ್ಳಿ. ಮಗ ಬರದಿದ್ದರೆ ಅಜ್ಜಿ ಮನೆಯಲ್ಲಿ ಇರಲಿ, ಅವನಪ್ಪ ಮಾತ್ರ ಒಳಗೆ ಬರಲೇಬೇಕು. ಬರೆಯೋದು ಅಷ್ಟು ಮುಖ್ಯ ಅಂತಿದ್ದರೆ ನೋಟ್‌ಬುಕ್ಕನ್ನೂ ಅವರ ಕೈಗೇ ಕೊಡಿ.