ನಮ್ಮ ವರ್ಚುವಲ್ ವರ್ಲ್ಡ್ ಅನ್ನು ಹೊರದೇಶಕ್ಕೆ ಒಯ್ಯಬೇಕು. ಜಪಾನ್ ಒಳ್ಳೆಯದೋ, ಬ್ರೆಜಿಲ್ ಒಳ್ಳೆಯದೋ?

ಪ್ರಶ್ನೆಯನ್ನು ನಾನು ಹೀಗೆ ಓದಿಕೊಂಡೆ. ಪುಣೆಯ ಬಾಣೇರ್‌ನಲ್ಲಿ ನಿಮ್ಮದೊಂದು ಚಿಕ್ಕ ಟೀಮ್. ನೀವು ನಡೆಸುವ ಆನ್‌ಲೈನ್ ಲೋಕಕ್ಕೆ ಜನ ಅವತಾರ್ ಮಾಡಿಕೊಂಡು ಬರುತ್ತಾರೆ, ರೂಮ್ ಸಿಂಗರಿಸುತ್ತಾರೆ, ಹರಟೆ ಹೊಡೆಯುತ್ತಾರೆ, ಕಾಯಿನ್ ಕೊಳ್ಳುತ್ತಾರೆ. ಬರುವವರೆಲ್ಲ ಸದ್ಯಕ್ಕೆ ಭಾರತದವರೇ. ಈಗ ಒಬ್ಬ ಪಾರ್ಟ್ನರ್ ಜಪಾನ್ ಅನ್ನುತ್ತಾರೆ, ಅಲ್ಲಿನವರು ಜಾಸ್ತಿ ಖರ್ಚು ಮಾಡುತ್ತಾರೆ ಅಂತ. ಇನ್ನೊಬ್ಬರು ಬ್ರೆಜಿಲ್ ಅನ್ನುತ್ತಾರೆ, ಅಲ್ಲಿ ಜನ ಜಾಸ್ತಿ ಸಿಗುತ್ತಾರೆ ಅಂತ. ಭಾಷೆ ಬದಲಾಯಿಸಿ ಸ್ಟೋರ್‌ಗೆ ಹಾಕಿದರೆ ಸಾಕಾ ಎಂದು ನೀವು ಕೇಳುತ್ತಿದ್ದೀರಿ.

ಸಾಕಾಗುವುದಿಲ್ಲ. ಮತ್ತೆ, ನನ್ನನ್ನು ಕೇಳಿದರೆ ಸದ್ಯಕ್ಕೆ ಎರಡೂ ಬೇಡ. ಇಂಡೋನೇಷ್ಯಾ ನೋಡಿ.

ನಾನು ಈ ಕೆಲಸವನ್ನು ಆ ಕಡೆಯಿಂದ ನೋಡಿದವನು. ಊರು ಬೆಳಗಾವಿ, ಕೆಲಸ ಪುಣೆಯ ಖರಾಡಿಯಲ್ಲಿ. ಯುರೋಪಿನ ಒಂದು ಕಂಪನಿ ತನ್ನ ವರ್ಚುವಲ್ ವರ್ಲ್ಡ್ ಅನ್ನು ಭಾರತಕ್ಕೆ ತಂದಾಗ ಇಲ್ಲಿನ ಬಳಕೆದಾರರನ್ನು ನೋಡಿಕೊಳ್ಳುವ ಟೀಮಿನಲ್ಲಿದ್ದೆ. ಅಂದರೆ ಆಗ ನಾವೇ 'ವಿದೇಶಿ ಮಾರುಕಟ್ಟೆ'. ಅವರು ಭಾರತಕ್ಕೆ ಅಂತಲೇ ಬೇರೆ ಲೋಕ ತೆರೆದರು. ಹಿಂದಿ ಚೆನ್ನಾಗಿತ್ತು, ದೀಪಾವಳಿಗೆ ಹಣತೆಯೂ ಇತ್ತು. ಆದರೆ ಒಳಗೆ ಬಂದವರಿಗೆ ಮಾತಾಡಿಸಲು ಇನ್ನೊಬ್ಬರು ಸಿಗುತ್ತಿರಲಿಲ್ಲ. ಮದುವೆ ಹಾಲ್‌ಗೆ ಎಲ್ಲರಿಗಿಂತ ಮೊದಲು ಹೋಗಿ ಕೂತವರ ಹಾಗೆ ಸ್ವಲ್ಪ ಹೊತ್ತು ಅತ್ತಿತ್ತ ನೋಡಿ, ಒಂದು 'ಹಲೋ' ಹಾಕಿ, ಎದ್ದು ಹೋಗುತ್ತಿದ್ದರು. ಮರುದಿನ ಬೇರೆಯವರು ಬಂದು ಅದನ್ನೇ ಮಾಡುತ್ತಿದ್ದರು. ತಿಂಗಳ ಲೆಕ್ಕ ತೆಗೆದರೆ ಬಂದವರ ಸಂಖ್ಯೆ ಚೆನ್ನಾಗಿಯೇ ಕಾಣುತ್ತಿತ್ತು. ಮೇಲಿನವರು ನೋಡುತ್ತಿದ್ದದ್ದೂ ಅದನ್ನೇ. ನೋಡಬೇಕಾದದ್ದು ಒಂದೇ ಹೊತ್ತಿನಲ್ಲಿ ಎಷ್ಟು ಜನ ಒಳಗಿದ್ದಾರೆ ಎನ್ನುವುದನ್ನು.

ಹಾಗಾಗಿ ಯಾವ ದೇಶ ಎನ್ನುವುದಕ್ಕಿಂತ ಮೊದಲು ಇನ್ನೊಂದು ವಿಷಯ ತೀರ್ಮಾನ ಮಾಡಿ. ಹೊಸಬರು ನಿಮ್ಮ ಈಗಿನ ಜನರ ಜೊತೆಗೇ ಇರುತ್ತಾರೋ, ಬೇರೆ ಇರುತ್ತಾರೋ?

ಎರಡು ದಾರಿಯನ್ನೂ ದೊಡ್ಡವರು ತುಳಿದು ನೋಡಿದ್ದಾರೆ. ಫಿನ್‌ಲ್ಯಾಂಡ್‌ನ ಸುಲಾಕೆ ಕಂಪನಿಯ ಹಬ್ಬೋ ಹೋಟೆಲ್ ಎಂಬ ಆನ್‌ಲೈನ್ ಲೋಕ ದೇಶಕ್ಕೊಂದು 'ಹೋಟೆಲ್', ಅಂದರೆ ಬೇರೆಯೇ ಲೋಕ, ತೆರೆಯಿತು. ಬ್ರಿಟನ್ ಹೋಟೆಲ್ ಶುರುವಾದದ್ದು 2001ರಲ್ಲಿ. ಆಮೇಲೆ ಒಂದರ ಹಿಂದೆ ಒಂದು. ಮಕ್ಕಳು ತಮ್ಮ ಭಾಷೆಯಲ್ಲೇ ಹರಟೆ ಹೊಡೆಯಬಹುದು, ಪಾಕೆಟ್ ಮನಿಯಲ್ಲಿ ಎಸ್‌ಎಂಎಸ್ ಮೂಲಕ ಕೊಳ್ಳಬಹುದು. ಜನ ತುಂಬಿರುವವರೆಗೆ ಇದು ಬಹಳ ಚೆನ್ನಾಗಿ ನಡೆಯಿತು. ಆದರೆ 2010ರಲ್ಲಿ ಅವರೇ ಇಂಗ್ಲಿಷ್ ಮಾತಾಡುವ ದೇಶಗಳ ಹೋಟೆಲ್‌ಗಳನ್ನೆಲ್ಲ ಸೇರಿಸಿ ಒಂದು ಮಾಡಿದರು. ಜಪಾನ್, ಚೀನಾ ಹೋಟೆಲ್‌ಗಳು ಮುಚ್ಚಿಹೋದವು. 2003ರಲ್ಲಿ ಬಂದ ಸೆಕೆಂಡ್ ಲೈಫ್ ಇದಕ್ಕೆ ಉಲ್ಟಾ. ಎಲ್ಲ ದೇಶದವರಿಗೂ ಒಂದೇ ಲೋಕ, ಭಾಷೆಯವರು ತಮ್ಮ ತಮ್ಮ ಮೂಲೆ ಹುಡುಕಿಕೊಳ್ಳಬೇಕು.

ಕೊರಿಯಾದ ಸೈವರ್ಲ್ಡ್ ಇನ್ನೂ ಖಡಕ್ ಉದಾಹರಣೆ. ಅಲ್ಲಿ ಜನ ತಮ್ಮ ಪುಟ್ಟ ಕೋಣೆಗೆ 'ಡೊಟೊರಿ' ಎಂಬ ಕಾಯಿನ್ ಕೊಟ್ಟು ಗೋಡೆ ಬಣ್ಣ, ಪೀಠೋಪಕರಣ, ಹಾಡು ಎಲ್ಲ ಕೊಳ್ಳುತ್ತಿದ್ದರು. ಅದು ಅಮೆರಿಕಕ್ಕೆ 2006ರಲ್ಲಿ ಹೋಯಿತು, 2010ರಲ್ಲಿ ಬಾಗಿಲು ಹಾಕಿತು. ಕೊರಿಯಾದವರು ಆ ಕೋಣೆ ಸಿಂಗರಿಸುತ್ತಿದ್ದದ್ದು ಕ್ಲಾಸ್‌ಮೇಟ್‌ಗಳು ಬಂದು ನೋಡುತ್ತಾರೆ ಅಂತ. ಅಮೆರಿಕದ ಹುಡುಗರ ಗೆಳೆಯರೆಲ್ಲ ಆಗ ಮೈಸ್ಪೇಸ್ ಎಂಬ ಸೋಷಿಯಲ್ ಸೈಟ್‌ನಲ್ಲಿದ್ದರು. ನೋಡುವವರೇ ಇಲ್ಲದ ಕೋಣೆಗೆ ಯಾರು ದುಡ್ಡು ಹಾಕುತ್ತಾರೆ?

ನಿಮ್ಮಂಥ ಸಣ್ಣ ಟೀಮ್ ಬೇರೆ ಲೋಕ ತೆರೆಯುವ ಯೋಚನೆಯನ್ನೇ ಮಾಡಬಾರದು. ಒಂದೇ ಲೋಕ ಇಟ್ಟುಕೊಂಡು ಭಾಷೆಗೊಂದು ಲಾಬಿ, ಅಂದರೆ ಒಳಗೆ ಬಂದವರು ಮೊದಲು ಸೇರುವ ಜಾಗ, ಕೊಡಿ. ಹೀಗೆ ಮಾಡುವುದಾದರೆ ಗಡಿಯಾರ ಮುಖ್ಯವಾಗುತ್ತದೆ. ಜಕಾರ್ತಾ ನಮಗಿಂತ ಒಂದೂವರೆ ಗಂಟೆ ಮುಂದೆ. ಅಲ್ಲಿ ರಾತ್ರಿ ಎಂಟು ಅಂದರೆ ಇಲ್ಲಿ ಸಂಜೆ ಆರೂವರೆ. ಅವರ ಜನ ಕಡಿಮೆಯಾಗುವ ಹೊತ್ತಿಗೆ ನಮ್ಮವರು ಊಟ ಮುಗಿಸಿ ಬರುತ್ತಾರೆ, ಲೋಕ ಎಂದೂ ಬಣಗುಟ್ಟುವುದಿಲ್ಲ. ಸಾವೊ ಪಾವ್ಲೊದಲ್ಲಿ ರಾತ್ರಿ ಎಂಟು ಅಂದರೆ ಪುಣೆಯಲ್ಲಿ ಬೆಳಗಿನ ಜಾವ ನಾಲ್ಕೂವರೆ. ನಿಮ್ಮ ಹಳೇ ಜನ ಮಲಗಿರುತ್ತಾರೆ, ಸಪೋರ್ಟ್‌ನವರಿಗೆ ನೈಟ್ ಶಿಫ್ಟ್, ಕ್ಯಾಬ್ ಬೇರೆ. ಇನ್ನು ಸರ್ವರ್. ಮುಂಬೈನಿಂದ ಸಿಂಗಾಪುರಕ್ಕೆ ಹೋಗಿ ಬರಲು ಡೇಟಾಗೆ ಸುಮಾರು 60 ಮಿಲಿಸೆಕೆಂಡ್ ಸಾಕು. ಗುಂಡು ಹಾರಿಸುವ ಆಟ ಅಲ್ಲವಲ್ಲ ನಿಮ್ಮದು, ಓಡಾಡಿ ಹರಟೆ ಹೊಡೆಯುವುದಕ್ಕೆ ಇದು ಧಾರಾಳ. ಜಕಾರ್ತಾಕ್ಕೆ ಹತ್ತಿರದ ಸಿಂಗಾಪುರದಲ್ಲಿ ಒಂದು ಸರ್ವರ್ ಇಟ್ಟರೆ ಭಾರತ, ಇಂಡೋನೇಷ್ಯಾ ಎರಡೂ ನಡೆಯುತ್ತದೆ. ಬ್ರೆಜಿಲ್‌ಗೆ ಹಾಗಾಗುವುದಿಲ್ಲ.

ದುಡ್ಡಿನ ವಿಷಯಕ್ಕೆ ಬರೋಣ. ನಮ್ಮ ಯುರೋಪಿನ ಯಜಮಾನರು ತಿಂಗಳ ಮೆಂಬರ್‌ಶಿಪ್ ಅನ್ನು ಕ್ರೆಡಿಟ್ ಕಾರ್ಡ್ ಮೇಲೆ ಕಟ್ಟಿದ್ದರು. 2021ರ ಅಕ್ಟೋಬರ್ 1ರಿಂದ ಆರ್‌ಬಿಐ ಕಾರ್ಡಿನ ಆಟೋ ಡೆಬಿಟ್‌ಗೆ ಹೊಸ ನಿಯಮ ತಂದಿತು. ಮೊದಲು ಗ್ರಾಹಕರಿಂದ ಒಪ್ಪಿಗೆ ನೋಂದಾಯಿಸಬೇಕು, ಪ್ರತಿ ಸಲ ದುಡ್ಡು ಕಡಿಯುವ ಮುಂಚೆ ತಿಳಿಸಬೇಕು. ಅವರು ತಯಾರಿರಲಿಲ್ಲ. ಆ ತಿಂಗಳು ಪೇಮೆಂಟ್‌ಗಳು ಸಾಲಾಗಿ ಫೇಲ್ ಆದವು. ಯುಪಿಐ ಹಾಕಿ ಎಂದು ನಾವು ಬರೆದ ಮೇಲ್‌ಗಳಿಗೆ 'ಮುಂದಿನ ವರ್ಷದ ಯೋಜನೆಯಲ್ಲಿದೆ' ಎಂಬ ಉತ್ತರ ಬರುತ್ತಿತ್ತು. ಸಪೋರ್ಟ್‌ಗೆ ಬರುವ ಮೊದಲ ಪ್ರಶ್ನೆಯೇ 'ಫೋನ್‌ಪೇ ಇಲ್ವಾ?' ಆಗಿದ್ದ ಕಾಲದಲ್ಲಿ!

ಇಂಡೋನೇಷ್ಯಾದಲ್ಲೂ ಕ್ರೆಡಿಟ್ ಕಾರ್ಡ್ ನಂಬಿ ಕೂರಬೇಡಿ. ಗೋಪೇ, ಓವೋ, ಡಾನಾ ಎಂಬ ವ್ಯಾಲೆಟ್‌ಗಳಿವೆ. ನಮ್ಮ ಯುಪಿಐ ಕ್ಯೂಆರ್ ಥರ ಅಲ್ಲಿ ಕ್ರಿಸ್ ಇದೆ, ಅಲ್ಲಿನ ರಿಸರ್ವ್ ಬ್ಯಾಂಕ್ 2019ರಲ್ಲಿ ತಂದದ್ದು. ಇಂಡೊಮಾರೆಟ್, ಆಲ್ಫಾಮಾರ್ಟ್ ಅಂಗಡಿಗಳ ಕೌಂಟರ್‌ನಲ್ಲಿ ನಗದು ಕೊಟ್ಟೂ ಆನ್‌ಲೈನ್ ಸಾಮಾನು ಕೊಳ್ಳುತ್ತಾರೆ. ಇವುಗಳಲ್ಲಿ ಎರಡು ಮೂರಾದರೂ ಕೈಗೆ ಬಂದ ಮೇಲೆ ಮಾತ್ರ ಕಾಯಿನ್ ಮಾರಲು ಶುರು ಮಾಡಿ.

ಜಪಾನ್‌ನವರು ಖರ್ಚು ಮಾಡುತ್ತಾರೆ ಎನ್ನುವುದು ನಿಜವೇ. ಆದರೆ ಅಲ್ಲಿ ಕಾಯಿನ್ ಮಾರುವುದು ಸುಲಭದ ಮಾತಲ್ಲ. ಜನ ಕೊಂಡು ಇನ್ನೂ ಖರ್ಚು ಮಾಡದ ಕಾಯಿನ್‌ಗಳ ಮೊತ್ತ ಮಾರ್ಚ್ ಕೊನೆಗೋ ಸೆಪ್ಟೆಂಬರ್ ಕೊನೆಗೋ ಒಂದು ಕೋಟಿ ಯೆನ್ ದಾಟಿದರೆ, ಅದರ ಅರ್ಧದಷ್ಟನ್ನು ಠೇವಣಿಯಾಗಿ ತೆಗೆದಿಡಬೇಕು ಅನ್ನುತ್ತದೆ ಅಲ್ಲಿನ ಕಾನೂನು. ಗ್ರಾಹಕರ ದೃಷ್ಟಿಯಿಂದ ಬಹಳ ಒಳ್ಳೆಯ ಕಾನೂನು, ನಮ್ಮಲ್ಲೂ ಇದ್ದಿದ್ದರೆ ಅಂತ ನನಗೆ ಅನಿಸಿದ್ದುಂಟು. ಆದರೆ ಕೈಯಲ್ಲಿ ಆರು ತಿಂಗಳ ಸಂಬಳದ ದುಡ್ಡು ಮಾತ್ರ ಇರುವ ಟೀಮಿಗೆ ಇದು ಭಾರ. ಜೊತೆಗೆ ಕಾಂಜಿ ಲಿಪಿಯ ಸಾವಿರಾರು ಅಕ್ಷರಗಳ ಫಾಂಟ್ ಸೇರಿದರೆ ಆಪ್ ಸೈಜ್ ಏರುತ್ತದೆ. ಇಂಡೋನೇಷ್ಯಾದವರು ಬರೆಯುವುದು ಎ ಬಿ ಸಿ ಡಿ ಲಿಪಿಯಲ್ಲೇ, ಆ ತಲೆನೋವಿಲ್ಲ.

ಹಾಗಂತ ಇಂಡೋನೇಷ್ಯಾಗೆ ಕಾನೂನೇ ಇಲ್ಲ ಅಂತಲ್ಲ. ಹೊರದೇಶದ ಆನ್‌ಲೈನ್ ಸೇವೆಗಳು ಅಲ್ಲಿನ ಸರ್ಕಾರದಲ್ಲಿ ನೋಂದಣಿ ಮಾಡಿಸಬೇಕು. 2022ರ ಜುಲೈ ಕೊನೆಯಲ್ಲಿ ನೋಂದಣಿ ಮಾಡಿಸಿಲ್ಲ ಅಂತ ಗೇಮ್ ಮಾರುವ ಸ್ಟೀಮ್, ದುಡ್ಡು ಕಳಿಸುವ ಪೇಪಾಲ್, ಯಾಹೂವನ್ನೇ ಬ್ಲಾಕ್ ಮಾಡಿದ್ದರು. ಅವರು ದೊಡ್ಡವರು, ಕೆಲವು ದಿನಗಳಲ್ಲಿ ಸರಿಪಡಿಸಿಕೊಂಡರು. ನಿಮ್ಮನ್ನು ಬ್ಲಾಕ್ ಮಾಡಿದರೆ ಸುದ್ದಿಯೂ ಆಗುವುದಿಲ್ಲ. ಇದನ್ನು ಮೊದಲ ವಾರದ ಕೆಲಸ ಎಂದಿಟ್ಟುಕೊಳ್ಳಿ. ಚೀನಾ ಆಸೆ ಯಾರಿಗಾದರೂ ಇದ್ದರೆ ಒಂದೇ ಮಾತು: ಅಲ್ಲಿನ ದೊಡ್ಡ ಕಂಪನಿ ಟೆನ್ಸೆಂಟ್ ಜೊತೆಗಿದ್ದೂ, ಮಕ್ಕಳು ಆಡುವ ಆನ್‌ಲೈನ್ ಲೋಕ ರೋಬ್ಲಾಕ್ಸ್‌ನ ಚೀನಾ ಆವೃತ್ತಿ 2021ರ ಜುಲೈನಲ್ಲಿ ಬಂದು ಡಿಸೆಂಬರ್‌ನಲ್ಲಿ ನಿಂತಿತು.

ಮಕ್ಕಳ ವಿಷಯದಲ್ಲಿ ಸ್ವಲ್ಪವೂ ಸಡಿಲ ಬಿಡಬೇಡಿ. 2024ರ ಆಗಸ್ಟ್‌ನಲ್ಲಿ ಟರ್ಕಿ ದೇಶ ರೋಬ್ಲಾಕ್ಸ್ ಅನ್ನು ನಿಲ್ಲಿಸಿದ್ದು ಮಕ್ಕಳ ಸುರಕ್ಷತೆಯ ಕಾರಣಕ್ಕೇ. ಚಾಟ್ ಫಿಲ್ಟರ್ ಅನ್ನು ಮಷೀನ್ ಮೇಲೆ ಬಿಟ್ಟರೆ ಆಗುವುದಿಲ್ಲ. ನಮ್ಮ ಟೀಮಿನಲ್ಲಿ ಕನ್ನಡದ ಬೈಗುಳಗಳು ಇಂಗ್ಲಿಷ್ ಅಕ್ಷರದಲ್ಲಿ, ನಡುವೆ ಅಂಕಿ ಸೇರಿಸಿಕೊಂಡು ಫಿಲ್ಟರ್ ದಾಟಿ ಹೋಗುತ್ತಿದ್ದವು. ಹಿಡಿಯುತ್ತಿದ್ದದ್ದು ಪಕ್ಕದ ಸೀಟಿನ ಕಲಬುರಗಿಯ ಹುಡುಗ. ಇಂಡೋನೇಷ್ಯಾದಲ್ಲಿ ಜಾವಾದ ಮಾತು, ಸುಂಡಾ ಮಾತು ಎಲ್ಲ ಬೆರೆಸಿ ಬರೆಯುತ್ತಾರೆ. ಅಲ್ಲಿನವರನ್ನೇ ಸಂಬಳ ಕೊಟ್ಟು ಇಟ್ಟುಕೊಳ್ಳಿ. ಮಾರ್ಕೆಟಿಂಗ್ ದುಡ್ಡು ಕಡಿಮೆ ಮಾಡಿಯಾದರೂ ಇದನ್ನು ಮಾಡಿ.

ಅಂಥವರು ಇನ್ನೂ ಎಷ್ಟೋ ಹೇಳಿಕೊಡುತ್ತಾರೆ. ಅವತಾರ್‌ಗೆ ಹಿಜಾಬ್ ಬೇಕು, ಅದೂ ನಾಲ್ಕಾರು ಬಗೆಯದು. ರಂಜಾನ್ ತಿಂಗಳಲ್ಲಿ ಜನ ಬೆಳಗಿನ ಜಾವ ಊಟಕ್ಕೆ ಎದ್ದಾಗಲೂ ಫೋನ್ ಹಿಡಿಯುತ್ತಾರೆ. ಹಬ್ಬಕ್ಕೆ ಕನಿಷ್ಠ ಏಳು ದಿನ ಮುಂಚೆ ಕಂಪನಿಗಳು ನೌಕರರಿಗೆ ಹಬ್ಬದ ಭತ್ಯೆ ಕೊಡಲೇಬೇಕು, ಮನೆ ಮನೆಯಲ್ಲಿ ಕೈಯಾಡುವ ದುಡ್ಡು ಅದೇ ಹೊತ್ತಿಗೆ. ಇನ್ನೊಂದು ನನಗೆ ಬಹಳ ಇಷ್ಟವಾದ ಸಂಗತಿ: ಬಾಲಿ ದ್ವೀಪದಲ್ಲಿ ನ್ಯೆಪಿ ಎಂಬ ಹಬ್ಬ ಬರುತ್ತದೆ, ಶಕ ಪಂಚಾಂಗದ ಹೊಸ ವರ್ಷ, ನಮ್ಮ ಯುಗಾದಿಯ ಆಸುಪಾಸಿನಲ್ಲೇ. ಆ ದಿನ ಅಲ್ಲಿ ಮೊಬೈಲ್ ಇಂಟರ್ನೆಟ್ಟನ್ನೇ ನಿಲ್ಲಿಸುತ್ತಾರೆ. ಇದು ಗೊತ್ತಿಲ್ಲದೆ ಅವತ್ತು ದೊಡ್ಡ ಈವೆಂಟ್ ಇಟ್ಟರೆ ಬಾಲಿಯವರೆಲ್ಲ ಹೊರಗೆ.

ಬ್ರೆಜಿಲ್ ಎಂದವರ ಮಾತು ಪೂರ್ತಿ ತಪ್ಪಲ್ಲ. ಫೇಸ್‌ಬುಕ್ ಥರದ ಓರ್ಕುಟ್ ನೆನಪಿದೆಯಲ್ವಾ? ಅಮೆರಿಕದಲ್ಲಿ ಹುಟ್ಟಿತು, ಜನ ತುಂಬಿದ್ದು ಬ್ರೆಜಿಲ್ ಮತ್ತು ಭಾರತದಿಂದ. ಹಾಗೆ ನಿಮ್ಮ ಲಾಗ್‌ನಲ್ಲಿ, ಅಂದರೆ ಯಾರು ಎಲ್ಲಿಂದ ಬಂದರು ಎನ್ನುವ ಸರ್ವರ್ ದಾಖಲೆಯಲ್ಲಿ, ಬ್ರೆಜಿಲ್‌ನವರು ತಾವಾಗಿಯೇ ಬರುತ್ತಿರುವುದು ಕಂಡರೆ ನಾನು ಹೇಳಿದ್ದೆಲ್ಲ ಬದಿಗಿಟ್ಟು ಅತ್ತ ಹೋಗಿ. 2020ರ ನವೆಂಬರ್‌ನಲ್ಲಿ ನಮ್ಮ ಯುಪಿಐ ಥರದ ಪಿಕ್ಸ್ ಬಂದ ಮೇಲೆ ಅಲ್ಲಿ ಪೇಮೆಂಟ್ ಕೂಡ ಸುಲಭ. ಈಗಲೇ ಲಾಗ್ ತೆಗೆದು, ಯಾರೂ ಕರೆಯದೆ ಯಾವ ದೇಶದವರು ಬಂದಿದ್ದಾರೆ ಎಂದು ನೋಡಿ.

ಶುರು ಮಾಡುವಾಗ ಇಡೀ ದಿನ ತೆರೆದಿಡಬೇಡಿ. ಇಂಡೋನೇಷ್ಯಾ ಲಾಬಿಯನ್ನು ಜಕಾರ್ತಾ ಸಮಯ ಸಂಜೆ ಏಳರಿಂದ ರಾತ್ರಿ ಹತ್ತರವರೆಗೆ ಮಾತ್ರ ತೆರೆಯಿರಿ, ನಿಮ್ಮದೇ ಜನ ಒಳಗಿದ್ದು ಮಾತಾಡಿಸಲಿ. ಆ ಮೂರು ಗಂಟೆಯೂ ಜನ ತುಂಬಿದ ಮೇಲೆ ನಾಲ್ಕನೆಯ ಗಂಟೆ ಸೇರಿಸಿ. ತುಂಬದೆ ಮುಚ್ಚಬೇಕಾಗಿ ಬಂದರೆ ಜನರ ಕೈಯಲ್ಲಿ ಉಳಿದ ಕಾಯಿನ್‌ಗೆ ದುಡ್ಡು ವಾಪಸ್ ಕೊಡಲು ಬೇಕಾದಷ್ಟನ್ನು ಮೊದಲ ದಿನದಿಂದಲೇ ಬೇರೆ ಅಕೌಂಟ್‌ನಲ್ಲಿ ಇಡಿ.