ರೇಡಿಯೇಟರ್ ಬಿಡಿ, ಹಂಡೆ ಮಾಡಿ

ನಿಮ್ಮ ಪ್ರಶ್ನೆ ಇಷ್ಟು, ಅಲ್ವಾ? ಅಮೆರಿಕದಲ್ಲಿದ್ದೀರಿ, ಗೆಳೆಯರ ಜೊತೆ ಸೇರಿ ಫೋರ್ಡ್ ಕಂಪನಿಯ ಹಳೇ ಕ್ರೌನ್ ವಿಕ್ಟೋರಿಯಾ ಕಾರೊಂದನ್ನು ಕೌಂಟಿ (ಇಲ್ಲಿನ ಜಿಲ್ಲೆ) ಜಾತ್ರೆಯ ಡೆಮಾಲಿಷನ್ ಡರ್ಬಿಗೆ ತಯಾರು ಮಾಡುತ್ತಿದ್ದೀರಿ. ಕಾರಿನ ಜೊತೆ ಬಂದ, ಎಂಜಿನ್ನಿನ ನೀರು ತಣಿಸುವ ರೇಡಿಯೇಟರ್ ಉಳಿಯುವುದಿಲ್ಲ ಎಂದು ಎಲ್ಲರೂ ಹೆದರಿಸುತ್ತಿದ್ದಾರೆ. ಕಬ್ಬಿಣದಲ್ಲಿ ಮನೆಯಲ್ಲೇ ಒಂದು ಮಾಡಿಕೊಳ್ಳಬಹುದಾ, ಹೇಗೆ?

ಮಾಡಬಹುದು. ಇಂಡಿಯಾನಾದಲ್ಲಿ ನಮ್ಮ ಪಕ್ಕದ ಮನೆಯವರ ಕಾರಿಗೆ ಮೂರು ಬೇಸಿಗೆ ಇದೇ ಕೆಲಸ ಮಾಡಿದ್ದೇನೆ. ಓಡಿಸುವುದು ಅವರ ಮಗ, ವೆಲ್ಡಿಂಗ್ ನನ್ನದು. ದಾವಣಗೆರೆಯಲ್ಲಿ ಅಪ್ಪನ ಅಂಗಡಿಯಲ್ಲಿ ಗೇಟು, ಟ್ರೇಲರ್ ಬೆಸೆಯುತ್ತಾ ಬೆಳೆದವನು ನಾನು. ಈಗ ಬೇಕಂತಲೇ ಗುದ್ದಿಸುವ ಕಾರಿಗೆ ದುಡ್ಡು ಸುರಿಯುತ್ತಿದ್ದೇನೆ ಅಂದರೆ ಅಮ್ಮ ಫೋನಿನಲ್ಲಿ ಸುಮ್ನೆ "ಹೂಂ" ಅನ್ನುತ್ತಾರೆ.

ಗೊತ್ತಿಲ್ಲದವರಿಗೆ ಒಂದು ಮಾತು. ಡರ್ಬಿ ಅಂದರೆ ಮಣ್ಣಿನ ಅಂಕಣದಲ್ಲಿ ಹಳೇ ಕಾರುಗಳು ಒಂದಕ್ಕೊಂದು ಗುದ್ದಾಡುವ ಆಟ. ಕೊನೆಗೆ ಯಾವ ಕಾರು ಇನ್ನೂ ಅಲ್ಲಾಡುತ್ತಿರುತ್ತದೋ ಅದು ಗೆದ್ದ ಹಾಗೆ. ಸುಮ್ಮನೆ ತಪ್ಪಿಸಿಕೊಂಡು ನಿಲ್ಲುವ ಹಾಗಿಲ್ಲ. ಇಷ್ಟು ಹೊತ್ತಿನೊಳಗೆ ಯಾರಿಗಾದರೂ ಗುದ್ದಲೇಬೇಕು ಎಂಬ ಲೆಕ್ಕ ಇರುತ್ತದೆ.

ಮೊದಲ ವರ್ಷ ನಾವು ಕಂಪನಿಯ ರೇಡಿಯೇಟರನ್ನೇ ಬಿಟ್ಟಿದ್ದೆವು. ಅಲ್ಯೂಮಿನಿಯಂ ಜಾಲರಿ, ಎರಡು ಕಡೆ ಪ್ಲಾಸ್ಟಿಕ್ ತೊಟ್ಟಿ, ನಡುವೆ ರಬ್ಬರ್ ಇಟ್ಟು ತಗಡಿನ ಅಂಚು ಮಡಚಿ ಹಿಡಿಸಿರುತ್ತಾರೆ. ಎರಡನೇ ಗುದ್ದಿಗೇ ಪ್ಲಾಸ್ಟಿಕ್ ತೊಟ್ಟಿ ಅಂಚಿನಿಂದ ಕಿತ್ತುಬಂತು. ಇದ್ದ ನೀರೆಲ್ಲ ಮಣ್ಣಿಗೆ ಹೋಯಿತು. ನಾಲ್ಕೇ ನಿಮಿಷಕ್ಕೆ ನಮ್ಮ ಹುಡುಗ ಬಾವುಟದ ಕೋಲು ಮುರಿದು ಇಳಿದ. ಡ್ರೈವರ್ ಬಾಗಿಲ ಹತ್ತಿರದ ಆ ಕೋಲು ಮುರಿದರೆ ಸೋಲೊಪ್ಪಿಕೊಂಡ ಹಾಗೆ.

ಎರಡನೇ ವರ್ಷ ನನಗೆ ಹುಮ್ಮಸ್ಸು. ಮೇಲೊಂದು ಕೆಳಗೊಂದು ಎರಡಿಂಚು-ನಾಲ್ಕಿಂಚು ಅಳತೆಯ ಆಯತಾಕಾರದ ಕೊಳವೆ, ನಡುವೆ ಒಂದಿಂಚಿನ ಇಪ್ಪತ್ತು ಪೈಪು, ಏಣಿಯ ಥರ ನಿಲ್ಲಿಸಿ ಬೆಸೆದೆ. ತೂಕ ಮೂವತ್ತು ಕೆಜಿ ದಾಟಿತು. ಸುತ್ತಿಗೆಯಿಂದ ಹೊಡೆದರೂ ಜಗ್ಗಲಿಲ್ಲ. ಅಂಕಣದಲ್ಲೂ ಜಗ್ಗಲಿಲ್ಲ, ನಿಜ. ಎಂಜಿನ್ ಮಾತ್ರ ಆರೇಳು ನಿಮಿಷಕ್ಕೆ ಬೆಂದುಹೋಯಿತು.

ಆಮೇಲೆ ಕಾಗದ ಹಿಡಿದು ಲೆಕ್ಕ ಹಾಕಿದೆ. ಮೊದಲೇ ಹಾಕಬೇಕಿತ್ತು. ಆ ಇಪ್ಪತ್ತು ಪೈಪಿನ ಹೊರಮೈ ಎಲ್ಲ ಸೇರಿದರೂ ಸುಮಾರು ಒಂದು ಚದರ ಮೀಟರ್. ಕಂಪನಿಯ ರೇಡಿಯೇಟರಿನ ತೆಳು ರೆಕ್ಕೆಗಳನ್ನೆಲ್ಲ ಬಿಡಿಸಿ ಹಾಸಿದರೆ ಅದರ ಎಷ್ಟೋ ಪಟ್ಟು ಜಾಸ್ತಿ. ಮೇಲಾಗಿ ಡರ್ಬಿಯಲ್ಲಿ ಕಾರು ಜೋರಾಗಿ ಓಡುವುದೇ ಇಲ್ಲ, ಮುಂದಿನಿಂದ ಗಾಳಿ ಬರುವುದೆಲ್ಲಿಂದ? ದಪ್ಪ ಪೈಪಿನಿಂದ ಗಾಳಿಗೆ ಹೋಗುವ ಬಿಸಿ ಲೆಕ್ಕಕ್ಕೇ ಬರುವುದಿಲ್ಲ. ಅದರೊಳಗೆ ಹಿಡಿಯುವ ನೀರೂ ಹತ್ತೇ ಲೀಟರ್.

ಹಾಗಾಗಿ ಗಟ್ಟಿ ರೇಡಿಯೇಟರ್ ಎಂಬ ಯೋಚನೆಯನ್ನೇ ಬಿಡಿ. ನಿಮಗೆ ಬೇಕಿರುವುದು ನಮ್ಮ ಬಚ್ಚಲುಮನೆಯ ಹಂಡೆ. ಹಂಡೆ ತಣ್ಣಗೆ ಮಾಡುವುದಿಲ್ಲ, ಕಾಯುವುದಕ್ಕೆ ಹೊತ್ತು ತೆಗೆದುಕೊಳ್ಳುತ್ತದೆ. ಹದಿನೈದು ನಿಮಿಷದ ಆಟಕ್ಕೆ ಅಷ್ಟು ಸಾಕು. ಇಲ್ಲಿನವರೂ ಡ್ರಮ್ಮಿನಂಥ ತೊಟ್ಟಿ ಕೂರಿಸುವುದು ಇದಕ್ಕೇ.

ಲೆಕ್ಕ ಹೀಗಿದೆ. ಎಂಜಿನ್ ನೀರಿಗೆ ಕೊಡುವ ಬಿಸಿ ಸರಾಸರಿ 30 ಕಿಲೋವ್ಯಾಟ್ ಅಂತ ಇಟ್ಟುಕೊಳ್ಳಿ. ಒಂದು ಲೀಟರ್ ನೀರನ್ನು 30 ಡಿಗ್ರಿಯಿಂದ 100ಕ್ಕೆ ಏರಿಸಲು ಸುಮಾರು 293 ಕಿಲೋಜೂಲ್ ಬೇಕು. 32 ಲೀಟರ್ ಇದ್ದರೆ ಕುದಿಯಲು ಐದು ನಿಮಿಷ. ಇಷ್ಟೇನಾ ಅನ್ನಬೇಡಿ, ನಿಜವಾದ ಲಾಭ ಇರುವುದು ಕುದಿಯುವುದರಲ್ಲಿ. ಅದೇ ಒಂದು ಲೀಟರ್ ಆವಿಯಾಗಿ ಹೋಗುವಾಗ 2257 ಕಿಲೋಜೂಲ್ ಹೊತ್ತೊಯ್ಯುತ್ತದೆ. ಎಂಟು ಲೀಟರ್ ಕುದಿದು ಹೋದರೆ ಇನ್ನೂ ಹತ್ತು ನಿಮಿಷ ಸಿಕ್ಕಿತು.

ಪೈಪು ಕೊಯ್ಯುವ ಮೊದಲು ನಿಮ್ಮ ಜಾತ್ರೆಯ ನಿಯಮದ ಹಾಳೆ ಓದಿ. ಒಂದೊಂದು ಕೌಂಟಿಯದು ಒಂದೊಂದು ಥರ. ಕೆಲವರು ಮನೆಯಲ್ಲಿ ಮಾಡಿದ್ದನ್ನು ಒಪ್ಪುವುದೇ ಇಲ್ಲ. ಒಪ್ಪುವವರೂ ಅದು ಹಳೇ ರೇಡಿಯೇಟರಿನ ಜಾಗದಲ್ಲೇ ಇರಬೇಕು, ಕಾರಿನ ಮೂತಿಗೆ ಬಲ ಕೊಡಬಾರದು ಅನ್ನುತ್ತಾರೆ. ಚಾಸಿಗೆ ಬೆಸೆದಿದ್ದರೆ ಅಲ್ಲೇ ಕೊಯ್ಯಿಸುತ್ತಾರೆ. ಈ ಆಟದಲ್ಲಿ ಜಾಸ್ತಿ ಗಟ್ಟಿ ಇರುವುದೂ ತಪ್ಪೇ. 1964ರಿಂದ 66ರವರೆಗಿನ, ಕ್ರೈಸ್ಲರ್ ಕಂಪನಿಯ ಇಂಪೀರಿಯಲ್ ಕಾರುಗಳನ್ನು ಅದೊಂದೇ ಕಾರಣಕ್ಕೆ ಎಷ್ಟೋ ಕಡೆ ಒಳಗೇ ಬಿಡುವುದಿಲ್ಲ.

ಮೂರನೇ ವರ್ಷ ನಾನು ಮಾಡಿದ್ದು ಹೀಗೆ. ಹತ್ತಿಂಚಿನ ಕಬ್ಬಿಣದ ಪೈಪು, ಕಾಲಿಂಚು ದಪ್ಪ, ಎರಡಡಿ ಉದ್ದ. ಎರಡು ತುದಿಗೂ ಕಾಲಿಂಚಿನ ಪ್ಲೇಟು. ಅಡ್ಡಲಾಗಿ ಮಲಗಿಸಿದರೆ ಸುಮಾರು 32 ಲೀಟರ್ ಹಿಡಿಯುತ್ತದೆ. ಫ್ಯಾನ್ ತೆಗೆದ ಮೇಲೆ ಜಾಗ ಅಳೆಯಿರಿ. ಎಂಟಿಂಚಿನದೇ ಹಿಡಿಸುವುದಾದರೆ 20 ಲೀಟರ್ ಸಿಗುತ್ತದೆ, ಇಲ್ಲವೇ ಉದ್ದ ಜಾಸ್ತಿ ಮಾಡಿ. ಗುಜರಿಯಲ್ಲಿ ಜಿಐ ಪೈಪು ಸಿಕ್ಕರೆ ಬೇಡ. ಬೆಸೆಯುವಾಗ ಏಳುವ ಅದರ ಸತುವಿನ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಗ್ಯಾರಂಟಿ. ಹಳೇ ಗ್ಯಾಸ್ ಸಿಲಿಂಡರ್ ಅಂತೂ ಮುಟ್ಟಲೇಬೇಡಿ. ಖಾಲಿ ಅನ್ನಿಸಿದರೂ ಒಳಗೆ ಗ್ಯಾಸ್ ಉಳಿದಿರುತ್ತದೆ, ಕಿಡಿ ಬಿದ್ದರೆ ಮುಗಿಯಿತು.

ಬಿಸಿನೀರು ಒಳಬರುವ ಬಾಯಿ ಒಂದು ತುದಿಯಲ್ಲಿ ಮೇಲಕ್ಕೆ, ಪಂಪಿಗೆ ಹೋಗುವ ಬಾಯಿ ಇನ್ನೊಂದು ತುದಿಯಲ್ಲಿ ಕೆಳಕ್ಕೆ. ಅಕ್ಕಪಕ್ಕ ಇಟ್ಟರೆ ಬಿಸಿನೀರು ನೇರ ವಾಪಸ್ ಹೋಗುತ್ತದೆ, ಉಳಿದ ನೀರು ಸುಮ್ಮನೆ ಕೂತಿರುತ್ತದೆ. ಬಾಯಿಗಳಿಗೆ ಸೈಲೆನ್ಸರ್ ಪೈಪಿನ ತುಂಡು ಸಾಕು, ನಿಮ್ಮ ಹೋಸಿನ ಒಳ ಅಳತೆಗೆ ಸರಿಯಾಗಿ ಆರಿಸಿಕೊಳ್ಳಿ. ತುದಿಯ ಸುತ್ತ ತೆಳ್ಳಗೆ ಒಂದು ಸುತ್ತು ವೆಲ್ಡಿಂಗ್ ಎಳೆದು ಗ್ರೈಂಡರಿನಿಂದ ನಯ ಮಾಡಿ. ಆ ಸಣ್ಣ ಉಬ್ಬು ಇದ್ದರೆ ಹೋಸ್ ಜಾರುವುದಿಲ್ಲ. ಒಂದೊಂದಕ್ಕೂ ಎರಡೆರಡು ಕ್ಲಿಪ್ ಹಾಕಿ. ಕೆಳಗಿನ ಹೋಸಿನೊಳಗೆ ಸ್ಪ್ರಿಂಗ್ ಇರಲಿ, ಇಲ್ಲದಿದ್ದರೆ ಪಂಪು ಎಳೆಯುವಾಗ ಅದು ಚಪ್ಪಟೆಯಾಗುತ್ತದೆ. ನೀರು ತುಂಬುವ ಬಾಯಿ ಎಂಜಿನ್‌ಗಿಂತ ಎತ್ತರದಲ್ಲಿರಬೇಕು. ಇಲ್ಲದಿದ್ದರೆ ಗಾಳಿ ಎಂಜಿನ್ನಿನ ಮೇಲ್ಭಾಗದ ಹೆಡ್ಡಿನಲ್ಲೇ ಸಿಕ್ಕಿಕೊಳ್ಳುತ್ತದೆ.

ಒತ್ತಡ ಮೀರಿದಾಗ ಆವಿ ಬಿಡುವ ಮುಚ್ಚಳಕ್ಕೆ ನಾನು ಚದರ ಇಂಚಿಗೆ 7 ಪೌಂಡ್, ಅಂದರೆ 7 ಪಿಎಸ್‌ಐಗಿಂತ ಜಾಸ್ತಿ ಹಾಕುವುದಿಲ್ಲ. ಅಷ್ಟಕ್ಕೇ ಹತ್ತಿಂಚಿನ ತುದಿಪ್ಲೇಟಿನ ಮೇಲೆ 250 ಕೆಜಿಗೂ ಜಾಸ್ತಿ ಭಾರ ಬೀಳುತ್ತದೆ. ಹಾಗಾಗಿ ಲೀಕ್ ನೋಡುವಾಗ ಬರೀ ಗಾಳಿ ತುಂಬಬೇಡಿ, ಕಂಠದವರೆಗೆ ನೀರು ತುಂಬಿ ಆಮೇಲೆ ಒತ್ತಡ ಕೊಡಿ. ನೀರಾದರೆ ಬಿರುಕು ಬಿಟ್ಟರೂ ಒಸರಿ ನಿಲ್ಲುತ್ತದೆ, ಗಾಳಿಯಾದರೆ ಪ್ಲೇಟು ಹಾರುತ್ತದೆ. ನನ್ನದರಲ್ಲಿ ಕೆಳಗಿನ ಬಾಯಿಯ ಬುಡದಲ್ಲಿ ಸೂಜಿಮೊನೆಯಷ್ಟು ತೂತು ಇತ್ತು. ಒಣ ಬಟ್ಟೆಯಲ್ಲಿ ಒರೆಸಿ ಐದು ನಿಮಿಷ ಕಾದ ಮೇಲೆ ಒಂದೇ ಒಂದು ಹನಿ ಕಾಣಿಸಿತು. ಆವಿ ಹೊರಹೋಗುವ ಕೊಳವೆಯನ್ನು ಡ್ರೈವರಿನ ಎದುರು ಬದಿಗೆ ಎಳೆದು, ನೆಲಕ್ಕೆ ಮುಖ ಮಾಡಿ ಕಟ್ಟಿ.

ಕೂರಿಸುವಾಗ ನಾನು ಒಂದು ತಪ್ಪು ಮಾಡಿದ್ದೆ. ಹಂಡೆಯನ್ನು ಎಂಜಿನ್‌ಗೆ ತೀರಾ ಹತ್ತಿರ ಇಟ್ಟಿದ್ದೆ. ಮೂತಿಗೆ ಪೆಟ್ಟು ಬಿದ್ದಾಗ ಅದು ಹಿಂದಕ್ಕೆ ಸರಿದು ವಾಟರ್ ಪಂಪಿನ ಪುಲ್ಲಿಯನ್ನೇ ಸೊಟ್ಟ ಮಾಡಿತು. ಹಂಡೆಗೆ ಒಂದು ಗೀರೂ ಇಲ್ಲ! ಕೈಹಿಡಿಯಷ್ಟಾದರೂ ಜಾಗ ಬಿಡಿ, ಕೆಳಗೆ ದಪ್ಪ ರಬ್ಬರ್ ಹಾಸಿ, ಲಾರಿಯವರು ಸಾಮಾನು ಬಿಗಿಯುವ ಪಟ್ಟಿಯಿಂದ ಕಟ್ಟಿ. ಸ್ವಲ್ಪ ಅಲ್ಲಾಡಲಿ. ಹೋಸ್ ಕೂಡ ಬಿಗಿಯಾಗಿ ಎಳೆದಿರಬಾರದು.

ಇನ್ನೊಂದಿಷ್ಟು ಚಿಲ್ಲರೆ. ಹೀಟರಿಗೆ ಹೋಗುವ ಹೋಸುಗಳನ್ನು ಎಂಜಿನ್ ಹತ್ತಿರವೇ ಒಂದಕ್ಕೊಂದು ಸೇರಿಸಿಬಿಡಿ, ಇಲ್ಲವಾದರೆ ಒಡೆದಾಗ ಕುದಿನೀರು ಬೀಳುವುದು ಡ್ರೈವರಿನ ಕಾಲಿಗೆ. ಗೇರ್‌ಬಾಕ್ಸಿನ ಆಯಿಲ್ ತಣಿಯುತ್ತಿದ್ದದ್ದು ಹಳೇ ರೇಡಿಯೇಟರಿನಲ್ಲಿ, ಅದಕ್ಕೆ ಬೇರೆ ಕೂಲರ್ ಬೇಕು. ನೀರು ಬಿಸಿಯಾಗುವವರೆಗೆ ಅದರ ದಾರಿ ತಡೆಯುವ ಥರ್ಮೋಸ್ಟಾಟ್ ತೆಗೆದುಹಾಕಿ. ಕೂಲಂಟ್ ಬೇಡ, ಬರೀ ನೀರು. ಕೂಲಂಟ್ ಚೆಲ್ಲಿದರೆ ನೆಲ ಜಾರುತ್ತದೆ, ಅದು ಪ್ರಾಣಿಗಳಿಗೆ ವಿಷ, ಜಾತ್ರೆಯಲ್ಲಿ ಪಕ್ಕದಲ್ಲೇ ಹಸು, ಹಂದಿ ಕಟ್ಟಿರುತ್ತಾರೆ. ಹುಡುಗರಿಗೆ ಹೇಳಿ, ಹಂಡೆ ಇದೆ ಅಂತ ಮೂತಿಯಿಂದ ಗುದ್ದಬೇಡಿ. ರಿವರ್ಸಿನಲ್ಲಿ ಕಾರಿನ ಹಿಂಭಾಗದಿಂದಲೇ ಗುದ್ದಿ.

ಒಂದು ಸುತ್ತು ಮುಗಿದು ಮುಂದಿನದಕ್ಕೆ ಕಾಯುವಾಗ ನೀರು ಬದಲಿಸಬೇಕಾಗುತ್ತದೆ. ಅದಕ್ಕೇ ಹಂಡೆಯ ತಳಕ್ಕೆ ಒಂದು ದೊಡ್ಡ ನಲ್ಲಿ ಬೆಸೆದಿಡಿ. ಮೊದಲು ಎಂಜಿನ್ ಆಫ್ ಮಾಡಿ, ಆವಿ ಪೂರ್ತಿ ನಿಂತು, ಹಂಡೆ ತಣಿದು ಒಳಗಿನ ಒತ್ತಡವೂ ಇಳಿಯಲಿ. ಆಮೇಲೆ ಮುಚ್ಚಳ ತೆಗೆದು, ಎಂಜಿನ್ ಮತ್ತೆ ಚಾಲೂ ಮಾಡಿ, ಅದು ನಿಧಾನ ಓಡುತ್ತಿರುವಾಗ ಮೇಲಿಂದ ನೀರು ಬಿಡುತ್ತಾ ಕೆಳಗೆ ಅಷ್ಟಷ್ಟೇ ಹರಿಸಿ. ಬಿಸಿ ಎಂಜಿನ್‌ಗೆ ಒಮ್ಮೆಲೇ ತಣ್ಣೀರು ಸುರಿದರೆ ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗುತ್ತದೆ. ಅವಸರಕ್ಕೆ ಬಟ್ಟೆ ಹಿಡಿದು ಮುಚ್ಚಳ ತಿರುಗಿಸಿದವರಲ್ಲಿ ನಾನೂ ಒಬ್ಬ. ಬಲಗೈ ಮೊಣಕೈವರೆಗೆ ಬೊಬ್ಬೆ ಎದ್ದು, ಹದಿನೈದು ದಿನ ಎಡಗೈಯಲ್ಲಿ ಊಟ ಮಾಡಿದೆ.

ಕಾರು ಯಾವ ವರ್ಷದ್ದು, ಫ್ಯಾನ್ ತೆಗೆದ ಮೇಲೆ ಎಷ್ಟು ಇಂಚು ಜಾಗ ಸಿಕ್ಕಿತು ಎಂದು ಬರೆಯಿರಿ. ಬಾಯಿ ಎಲ್ಲಿ ಕೊಯ್ಯಬೇಕು ಅಂತ ಒಂದು ಚಿತ್ರ ಬರೆದು ಹಾಕುತ್ತೇನೆ.